ಕಂತು ಏರಲಿಲ್ಲ, ದಾರಿ ಬೆಳೆಯಿತು

ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್ ಶಿವಗಂಗಾಳ ಕೈಯಿಂದ ಒಂದು ರೂಪಾಯಿ ಹೆಚ್ಚಿಗೆ ಚಿಲ್ಲರೆ ಇಸಿದುಕೊಂಡು ಇಳಿದ ಪ್ರಯಾಣಿಕ ಹದಿನೆಂಟು ವರ್ಷದಲ್ಲಿ ಒಬ್ಬನೂ ಇರಲಿಲ್ಲ. ಕಡಿಮೆ ಇಸಿದುಕೊಂಡು ಇಳಿದವರು ಕೆಲವರಿದ್ದರು. ಅವರ ಪಾಡು ಇನ್ನೂ ಕಠಿಣ. ಮರುದಿನ ಅದೇ ಬಸ್ಸು ಹತ್ತಿದ ಕೂಡಲೇ, ತುಂಬಿದ ಗಾಡಿಯ ಎದುರಿಗೆ, "ಏ ಕಮತಗಿ ಕಾಕಾ, ನಿನ್ನೆ ಎರಡು ರೂಪಾಯಿ ಬಿಟ್ಟು ಓಡಿದ್ರೆಲ್ಲ, ತಗೋರಿ. ನಿಮ್ಮ ರೊಕ್ಕಾ ಇಟ್ಕೊಂಡು ನಾ ಏನ್ ಬಂಗಾರದ ಬಳಿ ಮಾಡಿಸ್ಕೊಳ್ಲೇನು?" ಎಂದು ಮುಟ್ಟಿಸಿಬಿಡುತ್ತಿದ್ದಳು. ಕಾಕಾ ಆ ಎರಡು ರೂಪಾಯಿಯನ್ನು ಕದ್ದ ಮಾಲಿನಂತೆ ಕಿಸೆಗೆ ಸೇರಿಸಿ, ಕಮತಗಿ ಬರುವತನಕ ಕಿಟಕಿಯ ಹೊರಗೇ ನೋಡುತ್ತಿದ್ದ.

ಇಂಥ ಲೆಕ್ಕದ ಹೆಂಗಸು ತನ್ನ ಸ್ವಂತ ಮನೆಯ ಸಾಲದಲ್ಲಿ ಪೂರಾ ಆರು ವರ್ಷ ಎಣಿಸದೆ ಬಿಟ್ಟಳು ಎಂದರೆ ಡಿಪೋದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ನಲವತ್ತಾರು ವಯಸ್ಸಿನ ಶಿವಗಂಗಾಳಿಗೆ ಎಲ್ಲ ಬರುತ್ತಿತ್ತು, ಕೂರುವುದೊಂದು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರಿಗೆಂದೇ ಇರುವ ಸೀಟಿನ ಮೇಲೆ ಅವಳ ಊಟದ ಡಬ್ಬಿ ಕೂರುತ್ತಿತ್ತು. ಮನೆಯಲ್ಲಿ ರೊಟ್ಟಿ ತಿನ್ನುವುದೂ ನಿಂತೇ, ಒಂದು ಕೈ ಫ್ರಿಜ್ಜಿನ ಮೇಲೆ ಇಟ್ಟುಕೊಂಡು, ಮನೆ ಯಾವಾಗ ಬ್ರೇಕು ಹಾಕುತ್ತದೋ ಎಂಬಂತೆ. ಬೀಗರ ಮದುವೆಯ ಊಟದಲ್ಲಿ ಒಮ್ಮೆ, "ಹಿಂದ ನಾಕು ಜಾಗಾ ಖಾಲಿ ಅದಾವ, ಒಳಗ ಸರೀರಿ" ಎಂದು ಪಂಕ್ತಿಯನ್ನೇ ಎಬ್ಬಿಸಿ ಸರಿಸಿದ್ದಳು. ಸಾರಿನ ಬಕೆಟ್ಟು ಹಿಡಿದವನೂ ಸರಿದು ನಿಂತಿದ್ದ.

ಅವಳು ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿ. ಆಲಮಟ್ಟಿಯ ಹಿನ್ನೀರು ಓಣಿಯೊಳಗೇ ಬರುತ್ತದೆಂದು ಗೊತ್ತಾದ ವರ್ಷ ಅಧಿಕಾರಿಗಳು ಬಂದು ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಪರಿಹಾರ ಬಂತು. ನಾಲ್ವರು ಅಣ್ಣತಮ್ಮಂದಿರಲ್ಲಿ ಹಂಚಿ ಅಪ್ಪನ ಪಾಲಿಗೆ ಉಳಿದದ್ದರಲ್ಲಿ ಒಂದು ಬಾಗಿಲು, ಎರಡು ಕಿಟಕಿ ಬರಬಹುದಿತ್ತು, ಮನೆ ಬರುತ್ತಿರಲಿಲ್ಲ. ಆಮೇಲೆ ನವನಗರದಲ್ಲಿ ಏಳು ಬಾಡಿಗೆ ಮನೆಗಳಾದವು. ಏಳರಲ್ಲೂ ಅವಳ ಅವ್ವ, ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಒಂದು ಮೊಳೆ ಹೊಡೆಯಲೇ ಎಂದು ಮನೆಯ ಮಾಲಕನನ್ನು ಕೇಳಿಕೊಂಡು ಬರಲು ಮಗಳನ್ನು ಕಳಿಸುತ್ತಿದ್ದಳು. ನಾಲ್ಕು ಮಂದಿ ಮಾಲಕರು ಹೂಂ ಅಂದರು. ಮೂವರು ಒಲ್ಲೆ ಅಂದರು. ಆ ಮೂರು ಮನೆಗಳಲ್ಲಿ ಕ್ಯಾಲೆಂಡರು ಡಬ್ಬಿಗಳಿಗೆ ಆತು ನಿಂತಿರುತ್ತಿತ್ತು.

ಆದ್ದರಿಂದ ವಿದ್ಯಾಗಿರಿಯ ಹಿಂದಿನ ಹೊಸ ಲೇಔಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಲು ಹದಿನೆಂಟು ಲಕ್ಷ ಸಾಲಕ್ಕೆ ಸಹಿ ಹಾಕುವಾಗ ಶಿವಗಂಗಾ ಬ್ಯಾಂಕಿನವರಿಗೆ ಒಂದೇ ಕರಾರು ಹಾಕಿದ್ದಳು. ಅವರು ಇಪ್ಪತ್ತು ವರ್ಷದ ಅವಧಿ ತಗೊಳ್ಳಿ, ಕಂತು ಹಗುರಾಗುತ್ತದೆ ಎಂದರು.

"ಬ್ಯಾಡ್ರಿ. ಹದಿನಾರು ವರ್ಷ ಮಾಡ್ರಿ. ನಾ ರಿಟೈರ್ ಆಗೂ ತಿಂಗಳ ಕಡೀ ಕಂತು ಕಟ್ಟಾಕಿ. ಮನಿ ಪತ್ರಾ ಇಸ್ಕೊಂಡು ಬ್ಯಾಗಿನ್ಯಾಗ ಹಾಕ್ಕೊಂಡ ಮ್ಯಾಲೇನ ಡಿಪೋದವರ ಕಡಿಂದ ಹಾರಾ ಹಾಕಿಸ್ಕೊಳಾಕಿ."

ಹಾಗೇ ಆಯಿತು. ತಿಂಗಳ ಕಂತು ಹದಿನೈದು ಸಾವಿರದ ಐದುನೂರಾ ಎಂಟು ರೂಪಾಯಿ. ಕೊನೆಯ ಕಂತಿನ ತಿಂಗಳೂ ನಿವೃತ್ತಿಯ ತಿಂಗಳೂ ಒಂದೇ. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವುದೂ ಡ್ಯೂಟಿ ಮುಗಿಯುವುದೂ ಒಂದೇ ನಿಮಿಷಕ್ಕೆ ಆಗುವಂಥ ಸುಖ ಅದು. ಗೃಹಪ್ರವೇಶದ ದಿನ ಅವಳು ಗೋಡೆಗೆ, ಬೇಕೋ ಬೇಡವೋ, ಹನ್ನೊಂದು ಮೊಳೆ ಹೊಡೆದಳು.

ಮರುವರ್ಷ ಬಡ್ಡಿ ಏರತೊಡಗಿತು. ಒಂದು ಸಲವಲ್ಲ, ಹತ್ತು ತಿಂಗಳಲ್ಲಿ ಆರು ಸಲ. ಡಿಪೋದಲ್ಲಿ ಮನೆಸಾಲ ಇದ್ದವರೆಲ್ಲ ಟೀ ಅಂಗಡಿಯ ಮುಂದೆ ಮೋರೆ ಜೋತುಹಾಕಿಕೊಂಡು ನಿಲ್ಲುತ್ತಿದ್ದರು. ಶಿವಗಂಗಾಳ ಮೊಬೈಲಿಗೂ ಬ್ಯಾಂಕಿನ ಮೆಸೇಜು ಬಂತು. ಓದಿದವನು ಗಂಡ ಅಂದಪ್ಪ. ಅವನದು ಲೇಔಟಿನ ಮೂಲೆಯಲ್ಲಿ ಹಿಟ್ಟಿನ ಗಿರಣಿ. ಹುಬ್ಬಿನ ಮೇಲಿನ ಜೋಳದ ಹಿಟ್ಟು ಒರೆಸಿಕೊಂಡು, ಮೊಬೈಲನ್ನು ದೂರ ಹಿಡಿದು ಓದಿದ:

"ಕಂತು ಮೊದಲಿನಷ್ಟ ಐತಿ. ತಿಂಗಳು ಮಾತ್ರ ಸ್ವಲ್ಪ ಹೆಚ್ಚ ಮಾಡ್ಯಾರಂತ ನೋಡು."

"ರೊಕ್ಕಾ ಏರಿಸಿಲ್ಲ?"

"ಒಂದು ರೂಪಾಯಿನೂ ಏರಿಸಿಲ್ಲ."

ಶಿವಗಂಗಾ ಫ್ರಿಜ್ಜಿನ ಮೇಲಿನ ಕೈ ತೆಗೆದು ನಕ್ಕಳು. ಹದಿನೆಂಟು ವರ್ಷ ಟಿಕೀಟು ಹರಿದವಳ ಲೆಕ್ಕ ಅದು. ದುಡ್ಡು ಅಷ್ಟೇ, ದಾರಿ ಹೆಚ್ಚು! ಹುನಗುಂದದ ಟಿಕೀಟಿನಲ್ಲಿ ಇಳಕಲ್ಲತನಕ ಕೂರಿಸಿಕೊಂಡು ಹೋಗುತ್ತೇವೆ ಅಂದರೆ ಯಾವ ಪ್ರಯಾಣಿಕ ಜಗಳ ತೆಗೆಯುತ್ತಾನೆ? ದಾರಿ ಹೆಚ್ಚಾದರೆ ನಷ್ಟ ಗಾಡಿಯವರಿಗೆ, ಲಾಭ ಕೂತವರಿಗೆ. ಈ ಒಂದು ಸಾಲದಲ್ಲಾದರೂ ತಾನು ಕೂತವರ ಪೈಕಿ ಎಂದು ಅವಳಿಗೆ ಭಾರಿ ಸಮಾಧಾನವಾಯಿತು. ಉಳಿದ ಐದು ಮೆಸೇಜುಗಳನ್ನು ತೆರೆದೂ ನೋಡಲಿಲ್ಲ.

ತೆರೆಯದಿದ್ದರೆ ಹೋಗಲಿ, ಊರ ಮುಂದೆ ಹೇಳಿಕೊಂಡಳು. ಡಿಪೋದ ಒಬ್ಬ ಮೆಕ್ಯಾನಿಕ್ ತಾನೇ ಬ್ಯಾಂಕಿಗೆ ಹೋಗಿ, ಅವಧಿ ಬೇಡ, ಕಂತೇ ಏರಿಸಿರಿ ಎಂದು ಬರೆದುಕೊಟ್ಟು ಬಂದಿದ್ದ. ಅವನನ್ನು ಕಂಡಾಗಲೆಲ್ಲ, "ತಮ್ಮಾ, ಕೇಳದನ ರೊಕ್ಕಾ ಹೆಚ್ಚ ಕೊಡಾಂವನ್ನ ನನ್ನ ಸರ್ವೀಸಿನ್ಯಾಗ ನಿನ್ನೊಬ್ಬನ್ನ ನೋಡೀನಿ" ಅನ್ನುತ್ತಿದ್ದಳು. ಅವನು ಗ್ರೀಸು ಹತ್ತಿದ ಕೈಯಿಂದ ತಲೆ ಕೆರೆದುಕೊಳ್ಳುತ್ತಿದ್ದ. ಅವನಿಗೂ ಅನುಮಾನ ಶುರುವಾಗಿತ್ತು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದೇ ಸುಮಾರಿಗೆ ಶಿವಗಂಗಾಳ ಕೈಗೆ ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ ಬಂತು. ಒಂದಷ್ಟು ಪಗಾರದ ಹಿಂಬಾಕಿ, ಇನ್ನೊಂದಷ್ಟು ಡಿಪೋದ ಹೆಂಗಸರು ಕೂಡಿ ಹಾಕಿದ ಚೀಟಿಯ ದುಡ್ಡು. ಅದರಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ ಎಬ್ಬಿಸಿ ಕಾಲೇಜು ಹುಡುಗರಿಗೆ ಬಾಡಿಗೆ ಕೊಡಬೇಕೆಂಬುದು ಅಂದಪ್ಪನ ಆಸೆ. ಅವನು ಹಿಟ್ಟಿನ ಚೀಲದ ಮೇಲೆ ಕೋಣೆಯ ನಕ್ಷೆ ಬರೆದೂ ಆಗಿತ್ತು. ಕಟ್ಟಡ ಶುರುಮಾಡುವ ಮೊದಲು ಆ ದುಡ್ಡನ್ನು ನಾಲ್ಕು ದಿನ ದುಡಿಸೋಣ ಎಂದು ಶಿವಗಂಗಾಳಿಗೆ ಅನಿಸಿತು. ಕೂರಲು ಬಾರದವಳಿಗೆ ದುಡ್ಡು ಕೂತದ್ದನ್ನು ನೋಡಲಾಗುತ್ತದೆಯೆ?

ಶೇರು ಮಾರ್ಕೆಟ್ಟಿನ ವಿದ್ಯೆ ಬಸ್ಸಿನಲ್ಲೇ ಇತ್ತು. ಸುನೀಲಕುಮಾರ ಎಂದು ಹೆಸರು, ಇಳಕಲ್ಲಿನ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವರು, ದಿನಾ ವಿದ್ಯಾಗಿರಿಯಲ್ಲಿ ಹತ್ತಿ ಡ್ರೈವರನ ಹಿಂದಿನ ಸೀಟು ಹಿಡಿಯುವವರು. ಮೊಬೈಲಿನಲ್ಲಿ ಹಸಿರು ಗೀಟು, ಕೆಂಪು ಗೀಟು ನೋಡುತ್ತ ಹಸಿರಾದಾಗ ಮುಗುಳ್ನಗುತ್ತಿದ್ದರು, ಕೆಂಪಾದಾಗ ಸರಕಾರವನ್ನು ಬೈಯುತ್ತಿದ್ದರು. ಒಂದು ದಿನ ಸಿರೂರು ದಾಟಿದ ಮೇಲೆ ಶಿವಗಂಗಾ ಅವರ ಸೀಟಿಗೆ ಆತು ನಿಂತಳು.

"ಸರ, ಒಂದ್ ಮಾತು. ಬಡ್ಡಿ ಏರಿದ್ರ ಯಾರಿಗೆ ಲಾಭ?"

"ಸಾಲಾ ಕೊಟ್ಟವರಿಗೆ."

"ಹಂಗಾರ ಮನಿಸಾಲಾ ಕೊಡೂ ಕಂಪನೀದು ಶೇರು ತಗೊಂಡ್ರ? ಮಂದಿ ಹೆಚ್ಚ ಕೊಟ್ಟ ಬಡ್ಡಿ ನನಗ ಬರ್ತೈತಿಲ್ಲೋ?"

ಸುನೀಲಕುಮಾರರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಹದಿನೈದು ವರ್ಷದ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಅದು ತಪ್ಪೆಂದು ಅವರಿಗೂ ಅಷ್ಟೊತ್ತಿಗೆ ಗೊತ್ತಾಗಿರುತ್ತಿತ್ತು.

"ಮೇಡಂ, ನೀವು ಇಲ್ಲಿ ಇರಬೇಕಾದವರಲ್ಲ," ಎಂದರು.

ಡ್ರೈವರ್ ಅಕ್ಬರಸಾಬ ಮುಂದಿನಿಂದ, "ಎಲ್ಲಿ ಇರಬೇಕಾದಾಕಿ ಅಂತ ಹೇಳ್ರಿ ಸರ, ಅಲ್ಲೇ ಇಳಿಸಿ ಹೋಗ್ತೇನಿ," ಎಂದ.

ಅಕ್ಬರಸಾಬನದು ಐವತ್ತೇಳು ವಯಸ್ಸು, ಅವಳ ಜೊತೆ ಆರು ವರ್ಷದಿಂದ ಅದೇ ರೂಟು. ಬಡ್ಡಿ ಕೊಡುವುದಿಲ್ಲ, ಬಡ್ಡಿ ಮುಟ್ಟುವುದಿಲ್ಲ ಎಂದು ನಿಯಮ ಇಟ್ಟುಕೊಂಡವನು. ಇಳಕಲ್ಲಿನಲ್ಲಿ ಹನ್ನೊಂದು ವರ್ಷದಿಂದ ಸ್ವಂತ ಮನೆ ಕಟ್ಟುತ್ತಿದ್ದ. ಕೈಯಲ್ಲಿ ದುಡ್ಡಿದ್ದ ವರ್ಷ ಒಂದು ಗೋಡೆ, ಇಲ್ಲದ ವರ್ಷ ಆ ಗೋಡೆಗೆ ನೀರು. ಹಿಂದಿನ ಕೋಣೆಗೆ ಇನ್ನೂ ಮಾಳಿಗೆ ಇರಲಿಲ್ಲ. ಹೆಂಡತಿ ಗುಲಾಬಬಿ ಅದರಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು.

"ಅಣ್ಣಾರ, ನಿಮ್ಮ ಮನಿ ಮುಗಿಯೂದ್ರಾಗ ನಿಮ್ಮ ಮೊಮ್ಮಕ್ಕಳಿಗೆ ಗಡ್ಡ ಬರ್ತಾವ," ಎಂದು ಶಿವಗಂಗಾ ಕಾಡುತ್ತಿದ್ದಳು.

"ಬರ್ಲಿ ತಂಗೆವ್ವಾ. ಗಡ್ಡ ಬಂದವರು ಕುಂತು ತಿಂತಾರೇನು? ಅವರೂ ಎರಡು ಇಟ್ಟಂಗಿ ಇಡ್ತಾರ."

ದೀಪಾವಳಿ ಪಾಡ್ಯದ ಮರುದಿನ ಅಂದಪ್ಪನ ಮೊಬೈಲಿನಲ್ಲಿ ಖಾತೆ ತೆರೆದು, ಸುನೀಲಕುಮಾರರು ತೋರಿಸಿಕೊಟ್ಟ 'ಸೌಧಶ್ರೀ ಹೌಸಿಂಗ್ ಫೈನಾನ್ಸ್' ಎಂಬ ಕಂಪನಿಯ ಸಾವಿರ ಶೇರು ಕೊಂಡರು, ಒಂದಕ್ಕೆ ಇನ್ನೂರಾ ನಲವತ್ತರಂತೆ. ಅಂದಪ್ಪ ನಕ್ಷೆ ಬರೆದ ಹಿಟ್ಟಿನ ಚೀಲ ಮಡಚಿ ಇಟ್ಟ. ಬೇಸಿಗೆಗೆ ದುಡ್ಡು ಮೂರು ಲಕ್ಷ ಆದರೆ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮನ್ನೂ ಸೇರಿಸಬೇಕೆಂದು ತೀರ್ಮಾನವಾಯಿತು.

ಬಾತ್‌ರೂಮು ಒಂದು ವಾರ ಬಾಳಿತು. ಇನ್ನೂರಾ ನಲವತ್ತು ಇನ್ನೂರಾ ಐವತ್ತೊಂದಾಗಿ, ಆಮೇಲೆ ತಿರುಗಿ ನೋಡದೆ ಇಳಿಯತೊಡಗಿತು. ಸಂಕ್ರಾಂತಿಗೆ ಇನ್ನೂರಾ ಹತ್ತು. ಯುಗಾದಿಗೆ ನೂರಾ ಎಂಬತ್ತೈದು. ಬಡ್ಡಿ ಏರುತ್ತಲೇ ಇತ್ತು, ಶೇರು ಇಳಿಯುತ್ತಲೇ ಇತ್ತು. ಶಿವಗಂಗಾಳಿಗೆ ಇದು ಪಕ್ಕಾ ಮೋಸ ಅನಿಸಿತು.

"ನಮ್ಮ ಮೆಕ್ಯಾನಿಕನಂಥ ಲಕ್ಷ ಮಂದಿ ಹೆಚ್ಚಿಗಿ ಬಡ್ಡಿ ಕಟ್ಟಾಕತ್ತಾರ. ಆ ರೊಕ್ಕಾ ಹೋಕ್ಕೈತಿ ಎಲ್ಲಿಗೆ ಸರ?"

ಸುನೀಲಕುಮಾರರು ಜಾಗತಿಕ ಪರಿಸ್ಥಿತಿ ಎಂದರು. ಅಮೆರಿಕದಲ್ಲೂ ಬಡ್ಡಿ ಏರಿದೆ ಎಂದರು. ಲಾಂಗ್ ಟರ್ಮ್ ಎಂದರು. ಅಕ್ಬರಸಾಬ ಕಮತಗಿಯ ಹತ್ತಿರ ಒಂದು ಎಮ್ಮೆ ದಾರಿ ಬಿಡುವತನಕ ಕಾಯುತ್ತ ಹೇಳಿದ:

"ನಮ್ಮ ಅಳಿಯ ರಮಜಾನ ಸೆಂಟ್ರಿಂಗ್ ಕೆಲಸಾ ಮಾಡ್ತಾನ. ನಾಕು ತಿಂಗಳಾತು, ಅವನ ಕಬ್ಬಿಣದ ಪ್ಲೇಟು ಮನಿ ಮುಂದ ಬಿದ್ದು ತುಕ್ಕ ಹಿಡದಾವ. ಹೊಸಾ ಮನಿ ಯಾರೂ ಹಿಡೀವಲ್ರು. ಪಾಯಾ ಹಾಕಿದವರೂ ಬಡ್ಡಿ ಇಳೀಲಿ ಅಂತ ಕುಂತಾರ. ಸಾಲಾ ತಗೊಳ್ಳವರ ಬರಲಿಲ್ಲ ಅಂದ್ರ ಸಾಲಾ ಕೊಡೂ ಅಂಗಡಿ ಹೆಂಗ ನಡೀಬೇಕು? ಅವರೇನು ರೊಕ್ಕಾ ಮನ್ಯಾಗ ಅಚ್ಚು ಹಾಕ್ತಾರ? ಅವರೂ ಎಲ್ಲಿಂದರ ಸಾಲಾ ತಂದ ನಿಮಗ ಕೊಡೂದು. ಅವರಿಗೂ ಬಡ್ಡಿ ಏರೇತಿ."

ಎಮ್ಮೆ ಸರಿಯಿತು. ಸುನೀಲಕುಮಾರರು ಮೊಬೈಲಿಗೆ ಮರಳಿದರು. ಮಾರನೆಯ ದಿನ ಇಂಗ್ಲಿಷ್ ಪತ್ರಿಕೆಯಲ್ಲಿ ಇದೇ ಮಾತು ಅರ್ಧ ಪುಟ ಬಂದಿತ್ತು. ಅದನ್ನು ಅವರು ಶಿವಗಂಗಾಳಿಗೆ ತಾವೇ ಕಂಡುಹಿಡಿದವರಂತೆ ಓದಿ ಹೇಳಿದರು.

ಆಗಿನಿಂದ ಶಿವಗಂಗಾಳ ಚಡಪಡಿಕೆ ನೋಡುವಂತಿರಲಿಲ್ಲ. ಒಂದು ಕೈಯಲ್ಲಿ ಟಿಕೀಟಿನ ಮಷೀನು, ಇನ್ನೊಂದರಲ್ಲಿ ಗಂಡನ ಮೊಬೈಲು. ಅಂದಪ್ಪ ಗಿರಣಿಯಲ್ಲಿ ಮೊಬೈಲಿಲ್ಲದೆ ಇರತೊಡಗಿದ, ಗಿರಾಕಿಗಳು ಅವನ ಬದಲು ಅವಳಿಗೆ ಫೋನು ಮಾಡಿ, "ಗೋದಿ ಬೀಸಿ ಆತೇನ್ರಿ?" ಎಂದು ಕೇಳತೊಡಗಿದರು. ಅವಳು ಅಮೀನಗಡದ ನಿಲ್ದಾಣದಿಂದ, "ಆಗಿಲ್ಲ, ಸಂಜಿಗೆ ಬರ್ರಿ" ಎಂದು ಯಾರ ಗೋಧಿ ಎಂದೂ ಕೇಳದೆ ಹೇಳುತ್ತಿದ್ದಳು. ದಾರಿಯಲ್ಲಿ ಸಿಗ್ನಲ್ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂಬುದು ಸ್ಟೇಜುಗಳಂತೆ ಬಾಯಿಪಾಠವಾಯಿತು. ಸಿಗ್ನಲ್ ಹೋದಲ್ಲಿ ಶೇರು ಏರುತ್ತಿದೆ ಎಂದೇ ಅವಳಿಗೆ ಗಟ್ಟಿಯಾಗಿ ಅನಿಸುತ್ತಿತ್ತು. ಬಂದಲ್ಲಿ ಇಳಿದಿರುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಗಾಡಿ ತುಂಬ ಸೊನ್ನೆ ರೂಪಾಯಿಯ ಟಿಕೀಟು. ಹೆಂಗಸರಿಗೆ ಪುಕ್ಕಟೆಯೇ ಹೊರತು ಅವರ ಕೋಳಿಗಳಿಗೆ ಅಲ್ಲ. ಹುನಗುಂದದ ಸಂತೆಗೆ ಎರಡು ಕೋಳಿ ಹಿಡಿದು ಹೊರಟಿದ್ದ ದುರಗವ್ವ ಎಂಬ ಮುದುಕಿ ಕೋಳಿಗಳ ಟಿಕೀಟಿಗೆ ನೂರರ ನೋಟು ಕೊಟ್ಟಳು. ಅದೇ ಗಳಿಗೆಗೆ ಮೊಬೈಲಿನಲ್ಲಿ ಸಿಗ್ನಲ್ ಬಂತು, ನೂರಾ ಅರವತ್ತೆರಡು. ಶಿವಗಂಗಾ ಎಣಿಸಿ ಚಿಲ್ಲರೆ ಕೊಟ್ಟು ಮುಂದೆ ಸರಿದಳು.

"ಏ ಯವ್ವಾ, ಟಿಕೀಟಿನಾಕಿ!" ಮುದುಕಿಯ ದನಿ ಗಾಡಿಯ ತುದಿಯವರೆಗೆ ಕೇಳಿತು. "ಹತ್ತ ರೂಪಾಯಿ ಹೆಚ್ಚ ಕೊಟ್ಟೀಯಲ್ಲ, ತಗೋ. ನಿನ್ನ ರೊಕ್ಕಾ ಇಟ್ಕೊಂಡು ನನ್ನ ಕೋಳಿ ಏನ್ ಮಹಲ್ ಕಟ್ಟಾವೇನು?"

ಗಾಡಿ ಗೊಳ್ಳೆಂದಿತು. ಶಿವಗಂಗಾ ಹತ್ತು ರೂಪಾಯಿ ಇಸಿದುಕೊಂಡಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳು ಡಬ್ಬಿಯನ್ನು ಎತ್ತಿ ಕಂಡಕ್ಟರ್ ಸೀಟಿನಲ್ಲಿ ಕೂತಳು.

ಬ್ಯಾಂಕಿನ ಕಾಗದ ಬಂದದ್ದು ಆಮೇಲೆ ಎರಡು ತಿಂಗಳಿಗೆ. ಈ ಸಲ ಮೆಸೇಜಲ್ಲ, ಲಕೋಟೆ, ಒಳಗೆ ಕನ್ನಡದಲ್ಲೇ ಅಚ್ಚಾದ ಕಾಗದ. ತಮ್ಮ ಸಾಲದ ಬಡ್ಡಿ ಇಷ್ಟಾಗಿದೆ, ಕಂತು ಬದಲಾಗಿಲ್ಲ, ಆದರೆ ಅವಧಿ ತಮ್ಮ ನಿವೃತ್ತಿಯನ್ನು ದಾಟಿರುವುದರಿಂದ ತಾವು ಶಾಖೆಗೆ ಬಂದು ಯಾವುದಾದರೊಂದು ದಾರಿ ಆರಿಸಿಕೊಳ್ಳಬೇಕು. ಕೆಳಗೆ ಕೊನೆಯ ಕಂತಿನ ವರ್ಷ ಬರೆದಿತ್ತು. ಎರಡು ಸಾವಿರದ ನಲವತ್ಮೂರು.

ಶಿವಗಂಗಾ ಬೆರಳು ಮಡಚಲೂ ಇಲ್ಲ.

"ಅರವತ್ತಾರು," ಎಂದಳು.

"ಏನು?" ಎಂದ ಅಂದಪ್ಪ.

"ನನ್ನ ವಯಸ್ಸು. ಪಗಾರ ನಿಂತು ಆರು ವರ್ಷ ಆಗಿರ್ತೈತಿ. ಇವರಿಗೆ ಇನ್ನೂ ಕಂತು ಕಟ್ಟತಿರಬೇಕು. ಎಲ್ಲಿಂದ ಕಟ್ಟಲಿ? ಕಟ್ಟಲಿಲ್ಲ ಅಂದ್ರ ಇವರೂ ಬಂದು ಗೋಡಿ ಮ್ಯಾಲೆ ನಂಬರ್ ಬರೀತಾರ."

ಅಂದಪ್ಪ ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಸಮಾಧಾನ ಇದೆಯೇ ಎಂದು ನೋಡಿದ. ಇರಲಿಲ್ಲ.

ಬುಧವಾರ ಅವಳ ವಾರದ ರಜೆ. ಇಬ್ಬರೂ ಬ್ಯಾಂಕಿಗೆ ಹೋದರು. ಸಾಲದ ಮೇಜಿನಲ್ಲಿ ಯಾಸ್ಮೀನ ಎಂಬ ಅಧಿಕಾರಿ ಇದ್ದಳು, ಮೂವತ್ತರ ಒಳಗಿನ ಹುಡುಗಿ. ದಿನಾ ಹತ್ತು ಮಂದಿಯ ಸಿಟ್ಟು ಕೇಳಿ ಕೇಳಿ ತಾಳ್ಮೆ ರೂಢಿಯಾಗಿತ್ತು. ಶಿವಗಂಗಾ ಕುರ್ಚಿ ಬೇಡವೆಂದು ನಿಂತೇ ಶುರುಮಾಡಿದಳು.

"ಮೇಡಂ, ರೊಕ್ಕಾ ಅಷ್ಟ ತಗೊಂಡು ದಾರಿ ಉದ್ದ ಮಾಡಿದ್ರಿ. ನಾ ಲಾಭ ಆತಂತ ತಿಳದಿದ್ನಿ. ಇದು ಎಲ್ಲಿ ಲೆಕ್ಕಾ?"

ಯಾಸ್ಮೀನಳಿಗೆ ಮೊದಲು ತಿಳಿಯಲಿಲ್ಲ. ಟಿಕೀಟು, ಸ್ಟೇಜು, ಹುನಗುಂದ, ಇಳಕಲ್ಲ ಎಲ್ಲ ಕೇಳಿದ ಮೇಲೆ ನಗು ತಡೆದುಕೊಂಡಳು.

"ಅಕ್ಕಾರ, ನೀವು ಇದರಾಗ ಟಿಕೀಟು ತಗಸಿ ಕುಂತವರಲ್ಲ. ಗಾಡಿನ ಬಾಡಗಿ ಹಿಡದವರು. ಎಷ್ಟು ದಿನಾ ನಿಮ್ಮ ಬಾಗಲದಾಗ ನಿಂದರತೈತೋ ಅಷ್ಟು ದಿನಾ ಬಾಡಗಿ. ಉದ್ದ ಆದಷ್ಟು ನಿಮಗ ತುಟ್ಟಿ."

ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. "ಈಗ ನೀವು ಕಟ್ಟೂ ಹದಿನೈದೂವರಿ ಸಾವಿರದಾಗ ಹದಿಮೂರು ಸಾವಿರದ ಮ್ಯಾಲೆ ಬರೇ ಬಡ್ಡಿಗಿ ಹೋಕ್ಕೈತಿ. ಅಸಲಿಗೆ ಮುಟ್ಟೂದು ಎರಡೂವರಿ ಸಾವಿರಾನೂ ಅಲ್ಲ. ಮೊದಲಿಗೆ ಐದು ಸಾವಿರ ಮುಟ್ಟತಿತ್ತು."

ಶಿವಗಂಗಾ ಕುರ್ಚಿ ಎಳೆದುಕೊಂಡು ಕೂತಳು. ಎರಡು ವರ್ಷ ಕಟ್ಟಿದ ಕಂತುಗಳನ್ನು ಮನಸ್ಸಿನಲ್ಲೇ ತನ್ನ ಮನೆಯ ಮೇಲೆ ಹರಡಿ ನೋಡಿದಳು. ಹೊಸ್ತಿಲು ತನ್ನದಾಗಿತ್ತು, ಹೆಚ್ಚೆಂದರೆ ಬಚ್ಚಲಿನ ಒಂದು ಮೂಲೆ. ಹನ್ನೊಂದು ಮೊಳೆಗಳಲ್ಲಿ ಒಂದೂ ತನ್ನ ಗೋಡೆಯಲ್ಲಿರಲಿಲ್ಲ. ಡಿಪೋದ ಮೆಕ್ಯಾನಿಕ್ ನೆನಪಿಗೆ ಬಂದು, ಅಲ್ಲೇ, ಬ್ಯಾಂಕಿನೊಳಗೇ, ಅವಳ ಕಿವಿಗಳು ಬಿಸಿಯಾದವು.

"ಈಗೇನು ಮಾಡಬೇಕ್ರಿ?"

"ಎರಡು ದಾರಿ ಅದಾವ. ನಿಮ್ಮ ರಿಟೈರ್‌ಮೆಂಟಿಗೆ ಸರಿಯಾಗಿ ಮುಗೀಬೇಕಂದ್ರ ತಿಂಗಳಾ ಎರಡು ಸಾವಿರದ ನಾಕನೂರು ಹೆಚ್ಚ ಕಟ್ರಿ. ಇಲ್ಲಾ, ಈಗ ಒಮ್ಮೆಲೇ ಎರಡು ಲಕ್ಷ ಇಪ್ಪತ್ತು ಸಾವಿರ ತುಂಬ್ರಿ, ಕಂತು ಇದ್ದಂಗ ಇರತೈತಿ."

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಲಕ್ಷ ನಲವತ್ತು ಸಾವಿರ ಅವರ ಹತ್ತಿರ ಇತ್ತು. ಹೋದ ದೀಪಾವಳಿಗೆ ಇತ್ತು. ಅಂದಪ್ಪ ಮೊಬೈಲು ತೆಗೆದ. ನೂರಾ ಐವತ್ತೈದು.

"ಇನ್ನೊಂದ್ ಎರಡು ತಿಂಗಳಾ ತಡಿ ಗಂಗಾ," ಎಂದ ತಗ್ಗಿದ ದನಿಯಲ್ಲಿ. "ಸರ್ ಅಂದಾರ, ಬಡ್ಡಿ ಏರೂದು ನಿಂತೈತಿ, ಇನ್ನ ಶೇರು ಎದ್ದ ಏಳತಾವಂತ. ಈಗ ಮಾರಿದ್ರ ಎಂಬತ್ತೈದು ಸಾವಿರ ಬಾವಿಗೆ ಹಾಕಿದಂಗ. ಮ್ಯಾಲೊಂದು ಕೋಲಿ ಎದ್ದಿದ್ರ ಬಾಡಗಿ ಬರತಿತ್ತು, ಅದರಾಗ..."

ವರ್ಷದಿಂದ ಅವನು ಗಿರಣಿಯ ಸದ್ದಿನಲ್ಲಿ ಆ ಕೋಣೆಯನ್ನು ದಿನಾ ಸ್ವಲ್ಪ ಸ್ವಲ್ಪ ಕಟ್ಟಿಕೊಂಡಿದ್ದ. ಕಿಟಕಿ ಯಾವ ಕಡೆಗೆ, ಹುಡುಗರು ಬೂಟು ಬಿಡುವುದು ಎಲ್ಲಿ ಎಂಬುದೂ ಗೊತ್ತಿತ್ತು. ಶಿವಗಂಗಾಳಿಗೆ ಅದು ತಿಳಿಯದ್ದಲ್ಲ.

"ನೀವಂದದ್ದು ಖರೆ ಇರಬಹುದು," ಎಂದಳು. "ಎರಡು ತಿಂಗಳಿಗೆ ಏರಬಹುದು. ಇಳೀಬಹುದು. ನಾ ಹತ್ತು ತಿಂಗಳಾತು ಬರೇ ಅದನ್ನ ನೋಡಾಕತ್ತೇನಿ. ಕೋಳಿ ಟಿಕೀಟಿಗೆ ಚಿಲ್ಲರಿ ಕೊಡೂದೂ ನನಗ ತಿಳೀವಲ್ದು. ಕೋಲಿ ಆಮ್ಯಾಲೆ ಕಟ್ಟೋಣ್ರಿ. ನಮ್ಮವ್ವ ಅರವತ್ತಾರನೇ ವಯಸ್ಸಿನ್ಯಾಗ ಆರನೇ ಮನೀಂದ ಏಳನೇ ಮನಿಗೆ ಹೋದ್ಲು. ಸಾಮಾನಿನ ಟೆಂಪೋದಾಗ ಮುಂದ ಕುಂತಿದ್ಲು, ಮಡಲಾಗ ಕ್ಯಾಲೆಂಡರ್ ಇಟ್ಕೊಂಡು. ನಾ ಅದನ್ನ ನೋಡೇನಿ. ನೀವು ನೋಡಿಲ್ಲ."

ಅಂದಪ್ಪ ಮಾರುವ ಗುಂಡಿ ಒತ್ತಿದ. ಬೆರಳಿಗೆ ಹಿಟ್ಟು ಮೆತ್ತಿದ್ದರಿಂದ ಮೊಬೈಲು ಅವನ ಮಾತು ಕೇಳಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಸಾವಿರ ಶೇರೂ ಹೋದವು. ಮೂರನೇ ಸಲಕ್ಕೆ.

"ಹೋತು," ಎಂದ. "ಏಳು ಬೀಳು ಏನೂ ಇಲ್ಲದ ಧಂದೆ ಅಂದ್ರ ಗಿರಣಿನ ನೋಡು. ಹಾಕಿದ್ದು ಬೀಸ್ಕೊಂಡು ಬರತೈತಿ."

"ನೀವು ಹಾಕಿದ್ದರಾಗ ಅರ್ಧ ಪಾವು ನಿಮ್ಮ ಹುಬ್ಬಿನ ಮ್ಯಾಲೇ ಇರತೈತಿ," ಎಂದಳು ಶಿವಗಂಗಾ. ಇಬ್ಬರಿಗೂ ನಗು ಬಂತು, ಪೂರಾ ಬರಲಿಲ್ಲ.

ಶೇರಿನ ದುಡ್ಡು ಖಾತೆಗೆ ಬಂದ ಮೇಲೆ ಒಂದು ಲಕ್ಷ ಐವತ್ತೈದು ಸಾವಿರ ಸಾಲಕ್ಕೆ ಜಮಾ ಆಯಿತು. ಕಡಿಮೆ ಬಿದ್ದದ್ದಕ್ಕೆ ಕಂತು ತಿಂಗಳಿಗೆ ಏಳುನೂರು ಏರಿತು. ಅದಕ್ಕಾಗಿ ಶಿವಗಂಗಾ ತಿಂಗಳಲ್ಲಿ ಒಂದು ಬುಧವಾರದ ರಜೆ ಬಿಟ್ಟು ಡ್ಯೂಟಿ ಮಾಡುವುದೆಂದಾಯಿತು. ಹೇಗೂ ರಜೆಯ ದಿನ ಅವಳಿಗೆ ಮನೆಯಲ್ಲಿ ನಿಲ್ಲಲು ಸರಿಯಾದ ಜಾಗ ಸಿಗುತ್ತಿರಲಿಲ್ಲ. ಯಾಸ್ಮೀನ ಹೊಸ ಕಂತುಗಳ ಪಟ್ಟಿ ಅಚ್ಚು ಹಾಕಿ ಕೊಟ್ಟಳು. ಶಿವಗಂಗಾ ನಡುವಿನ ಹಾಳೆಗಳನ್ನು ಬಿಟ್ಟು ಕೊನೆಯ ಸಾಲು ನೋಡಿದಳು. ಅವಳ ನಿವೃತ್ತಿಯ ತಿಂಗಳೇ ಇತ್ತು.

"ಇದು ಪಕ್ಕಾ ಹೌದಿಲ್ರಿ ಮೇಡಂ? ಇನ್ನ ಬದಲಾಗೂದಿಲ್ಲಲ್ಲ?"

"ಇದು ಇವತ್ತಿನ ಬಡ್ಡಿ ಮ್ಯಾಲಿನ ಲೆಕ್ಕಾರಿ ಅಕ್ಕಾರ."

"ಮತ್ತ ಏರಿದ್ರ?"

"ಮತ್ತ ಬರ್ರಿ. ಇಳದ್ರೂ ಬರ್ರಿ."

"ಇಳೀತಾವೇನ್ರಿ?"

"ಇಳದದ್ದು ನಾ ನೋಡೇನ್ರಿ," ಎಂದಳು ಯಾಸ್ಮೀನ, ಜಾಗ್ರತೆಯಿಂದ.

ಮರುದಿನ ಸುನೀಲಕುಮಾರರು ಹತ್ತುತ್ತಲೇ ಮೊಬೈಲು ಮುಂದೆ ಹಿಡಿದರು. ಸೌಧಶ್ರೀ ನೂರಾ ಅರವತ್ತೊಂದು. ಅವರ ಮುಖದಲ್ಲಿ ಮುಗುಳ್ನಗೆ ಇತ್ತು, ಜೊತೆಗೆ ಸ್ವಲ್ಪ ಅನುಕಂಪ.

"ಎರಡು ದಿನಾ ತಡದಿದ್ರ ಮೇಡಂ..."

ಅಕ್ಬರಸಾಬ ಕನ್ನಡಿಯಲ್ಲಿ ಶಿವಗಂಗಾಳನ್ನು ನೋಡಿದ. ಇನ್ನು ಸಿರೂರುತನಕ ಗಾಡಿಯಲ್ಲಿ ಮಾತಿನ ಮಳೆ ಎಂದು ಎಕ್ಸಿಲರೇಟರ್ ಮೇಲಿನ ಕಾಲು ಸಡಿಲು ಮಾಡಿದ. ಆದರೆ ಅವಳು ಮೊಬೈಲಿನ ಕಡೆಗೆ ನೋಡಲಿಲ್ಲ. ಅವಳಿಗೆ ಆರು ಸಾವಿರ ಹೋಯಿತೆಂದು ಅನಿಸಲಿಲ್ಲವೆಂದಲ್ಲ. ಅನಿಸಿತು, ಚೆನ್ನಾಗಿಯೇ ಅನಿಸಿತು. ಆದರೆ ಬ್ಯಾಂಕಿನಿಂದ ಬಂದಾಗಿನಿಂದ ಬೇರೊಂದು ಚಿಂತೆ ಅದಕ್ಕಿಂತ ಮುಂದಿನ ಸೀಟು ಹಿಡಿದಿತ್ತು.

"ಅದಿರಲಿ ಸರ. ಈ ಬಡ್ಡಿ ಏರಸೂದು ಇಳಸೂದು ಯಾರು ಕುಂತು ಮಾಡ್ತಾರ?"

"ರಿಸರ್ವ್ ಬ್ಯಾಂಕಿನವರು. ಎರಡು ತಿಂಗಳಿಗೊಮ್ಮೆ ಮೀಟಿಂಗ್ ಇರತೈತಿ."

"ಎರಡು ತಿಂಗಳಿಗೊಮ್ಮೆ? ವರ್ಷಕ್ಕ ಆರು ಸಲ?" ಅವಳು ದನಿ ಏರಿಸಿದಳು. "ನಮ್ಮ ಡಿಪೋದವರು ರೂಟು ಬದಲ್ ಮಾಡಬೇಕಂದ್ರ ಮೂರು ವರ್ಷ ತಗೋತಾರ. ಇವರಿಗೆ ಅಷ್ಟೇನು ಅವಸರ?"

"ಮುಂದಿಂದು ಬರೂ ಶುಕ್ರವಾರ ಐತಿ. ಮುಂಜಾನೆ ಹತ್ತಕ್ಕ ಹೇಳ್ತಾರ."

ಶುಕ್ರವಾರ ಹತ್ತು ಗಂಟೆಗೆ ಗಾಡಿ ಅಮೀನಗಡದ ನಿಲ್ದಾಣದಲ್ಲಿತ್ತು. ಹೊರಡುವ ಹೊತ್ತು ಮೀರಿ ಮೂರು ನಿಮಿಷವಾಗಿತ್ತು. ಶಿವಗಂಗಾ ಸೀಟಿ ಊದಿರಲಿಲ್ಲ. ಅಕ್ಬರಸಾಬ ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ಕಾದ. ಕರದಂಟಿನ ಪೊಟ್ಟಣ ಹಿಡಿದವರು, ಕಾಲೇಜು ಹುಡುಗಿಯರು, ಕೋರ್ಟಿಗೆ ಹೊರಟವರು ಎಲ್ಲ, ಯಾರದೋ ಪ್ರಾಣದ ಪ್ರಶ್ನೆ ಇರಬೇಕೆಂದು, ಸುನೀಲಕುಮಾರರ ಮೊಬೈಲಿನ ಕಡೆಗೇ ನೋಡುತ್ತಿದ್ದರು.

"ಏರಿಸಿಲ್ಲ," ಎಂದರು ಸುನೀಲಕುಮಾರರು.

"ಇಳಿಸ್ಯಾರೇನು?"

"ಇಳಿಸಿಲ್ಲ. ಇದ್ದಂಗ ಇಟ್ಟಾರ."

ಶಿವಗಂಗಾಳಿಗೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

"ಅಣ್ಣಾರ, ಇದಕ್ಕೇನಂತೀರಿ?"

"ನಾ ಏನನ್ನಲಿ ತಂಗೆವ್ವಾ? ನನ್ನ ಮನಿಗೆ ಈ ವರ್ಷ ಸಿಮೆಂಟ್ ಅಷ್ಟ ಬೇಕಾಗೇತಿ. ಕೋರ್ಟಿನವರು ಹುನಗುಂದಕ್ಕ ಹೋಗಬೇಕಂತ, ಸೀಟಿ ಹೊಡಿ."

"ಸರ, ಮುಂದಿನ ಮೀಟಿಂಗ್?"

"ಡಿಸೆಂಬರ ಎಂಟಕ್ಕ."

ಶಿವಗಂಗಾ ಚೀಲದಿಂದ ಪೆನ್ನು ತೆಗೆದು, ಬಸ್ಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಅಂಗೈ ಮೇಲೆ ತಾರೀಖು ಬರೆದುಕೊಂಡಳು. ಆಮೇಲೆ ಸೀಟಿ ಊದಿದಳು.